ದೇಚಮ್ಮ ಆಂಟಿ ಹಾಕಿಕೊಡದ ಟ್ರಿಗರ್

ದೇಚಮ್ಮ ಆಂಟಿಯ ಬಲಗೈ ತೋರುಬೆರಳು ಯಾವಾಗಲೂ ನೇರವಾಗಿರುತ್ತಿತ್ತು. ಕಾಫಿ ಲೋಟ ಹಿಡಿಯಲಿ, ಸೌಟು ಹಿಡಿಯಲಿ, ಉಳಿದ ಬೆರಳುಗಳು ಮಡಚಿಕೊಂಡರೂ ಅದೊಂದು ಮುಂದಕ್ಕೆ ಚಾಚಿಕೊಂಡಿರುತ್ತಿತ್ತು. ನರದ ತೊಂದರೆಯೇನೋ ಎಂದು ನಾನು ಕೇಳಿದಾಗ ನಕ್ಕರು.

"ಚಿಕ್ಕೋಳಿದ್ದಾಗ ಅಪ್ಪ ಕೋವಿ ಹಿಡಿಯೋದು ಕಲಿಸಿದ್ದೇ ಹೀಗೆ. ಹೊಡೆಯೋ ಹೊತ್ತು ಬರೋವರೆಗೂ ಬೆರಳು ಟ್ರಿಗರ್ ಮುಟ್ಬಾರ್ದು. ಈಗ ಮಡಚು ಅಂದ್ರೂ ಮಡಚಲ್ಲ ಅದು."

ಕೊಡಗಿನವರು. ಓದಲೆಂದು ಅಮೆರಿಕಕ್ಕೆ ಬಂದು, ಮುಕಿಲ್ಟಿಯೊ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಪರೀಕ್ಷಿಸುವ ಎಂಜಿನಿಯರ್ ಆಗಿದ್ದು ನಿವೃತ್ತರಾಗಿದ್ದರು. ಗಂಡ ತೀರಿಕೊಂಡ ಮೇಲೆ ಶನಿವಾರಗಳಂದು ಊರಾಚೆಯ ಶೂಟಿಂಗ್ ರೇಂಜಿನಲ್ಲಿ ಸುರಕ್ಷತೆ ನೋಡಿಕೊಳ್ಳುತ್ತಿದ್ದರು. ಕುಳ್ಳಗಿನ ಆ ಹೆಂಗಸು ಕೈ ಎತ್ತಿದರೆ ಗಡ್ಡದ ಭಾರಿ ಆಳುಗಳೂ ಮರುಮಾತಿಲ್ಲದೆ ಬಂದೂಕು ಕೆಳಗಿಡುತ್ತಿದ್ದರು. ಮನೆಗೆ ಹೊಸ ಕುಕ್ಕರ್ ಗ್ಯಾಸ್ಕೆಟ್ ತಂದರೂ ಅವರದು ಒಂದೇ ಮಾತು: "ಕೂತ್ಕೊಂಡಿದೆ ಸರಿ, ಹೊಂದ್ಕೊಂಡಿದೆಯಾ ನೋಡು."

ಕರ್ಕ್‌ಲ್ಯಾಂಡಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಮನೋಹರ ರೈಫಲ್ ಕೊಂಡಿದ್ದ. ಗುಂಡುಗಳು ಸರಸರನೆ ಹಾರುವಂತೆ ಮಾಡುವ ಟ್ರಿಗರನ್ನು ಯಾರ ಮೂಲಕವೋ ತರಿಸಿ, ತಾನೇ ಜೋಡಿಸಿಕೊಂಡು ರೇಂಜಿಗೆ ತಂದ. ಅದರಲ್ಲಿ ಅಂಥದ್ದಿದೆ ಎಂದು ನಮಗಾರಿಗೂ ಹೇಳಿರಲಿಲ್ಲ. ಮೊದಲ ಗುಂಡು ಗುರಿಯತ್ತ ಹೋಯಿತು. ಅವನು ಬೆರಳು ತೆಗೆದು ನಳಿಗೆ ತಗ್ಗಿಸುತ್ತಿದ್ದಾಗ ಇನ್ನೊಂದು ಗುಂಡು ತಾನಾಗಿ ಹಾರಿ ನಮ್ಮ ಮುಂದಿನ ಜಲ್ಲಿಗೆ ಬಡಿಯಿತು. ಒಂದು ಕಲ್ಲು ಸಿಡಿದು ನನ್ನ ಕೆನ್ನೆ ಗೀಚಿತು.

ಆಂಟಿ ಸಾಲಿನಲ್ಲಿ ಗುಂಡು ಹೊಡೆಯುತ್ತಿದ್ದವರನ್ನೆಲ್ಲ ನಿಲ್ಲಿಸಿದರು. ರೈಫಲ್ ಖಾಲಿ ಮಾಡಿ ಮೇಜಿನ ಮೇಲಿಟ್ಟು, ಮೊದಲು ನನ್ನ ಕೆನ್ನೆ ಒರೆಸಿದರು. ಮನೋಹರ ಬೆವರುತ್ತಿದ್ದ.

"ಈ ಮಾಡೆಲ್‌ಗೆಲ್ಲ ಫಿಟ್ ಆಗುತ್ತೆ ಅಂತ ತರಿಸ್ಕೊಟ್ಟೋರು ಹೇಳಿದ್ರು ಆಂಟಿ."

"ಫಿಟ್ ಆಗಿದೆಯಲ್ಲಪ್ಪಾ. ನಿನ್ನ ಮಾತು ಕೇಳ್ತಾ ಇಲ್ಲ, ಅಷ್ಟೆ."

"ಯಾವ ರೈಫಲ್‌ಗೆ ಸರಿಯಾಗಿ ಹೊಂದುತ್ತೆ? ನಿಮಗೆ ಗೊತ್ತಿರುತ್ತೆ, ಹೇಳಿ."

"ಗೊತ್ತು. ಹೇಳಲ್ಲ."

ಅವನಿಗೆ ಅವಮಾನವಾಯಿತು. "ನಿಮ್ಮ ಊರಲ್ಲಿ ಮನೆಮನೇಲೂ ಕೋವಿ ಇರುತ್ತಲ್ಲ ಆಂಟಿ. ನಾವಿಟ್ಕೊಂಡ್ರೆ ಮಾತ್ರ ತಪ್ಪಾ?" ಎಂದುಬಿಟ್ಟ.

ಆಂಟಿ ರೈಫಲನ್ನು ಅವನ ಕೈಗೆ ಸಿಗದಂತೆ ಪಕ್ಕಕ್ಕೆ ಸರಿಸಿದರು. "ಇತ್ತು ನಮ್ಮನೇಲೂ. ನಮ್ಮಣ್ಣ ಹಳೇ ಕೋವಿಗೆ ಇನ್ಯಾವುದೋ ಕೋವಿಯ ಟ್ರಿಗರ್ ಹಾಕಿಸ್ದ. ಚೆನ್ನಾಗಿ ಕೂತ್ಕೊಂಡಿತ್ತು. ಜೀಪಿಂದ ಇಳೀವಾಗ ತಾನಾಗೇ ಹೊಡೀತು. ನಾನು ಹಿಂದಿನ ಸೀಟಲ್ಲಿದ್ದೆ, ಮನೋಹರ. ಅವನ ತಲೆ ನನ್ನ ತೊಡೆ ಮೇಲಿತ್ತು, ಆಸ್ಪತ್ರೆ ಸೇರೋವರೆಗೂ."

ಮನೋಹರ ತಲೆ ತಗ್ಗಿಸಿದ. ಮರುದಿನ ರೈಫಲನ್ನೂ ಅದರ ಮೂಲ ಟ್ರಿಗರನ್ನೂ ಹಿಡಿದು ಆಂಟಿಯ ಮನೆಗೆ ಹೋದ. ಹಳೆಯದನ್ನು ಅವರೇ ಮತ್ತೆ ಜೋಡಿಸಿಕೊಟ್ಟು, ಊಟ ಹಾಕಿ ಕಳಿಸಿದರು.

ಆದರೆ ಅಂಥ ಟ್ರಿಗರ್ ಹಿಡಿದು ಬರುವವರು ಹೆಚ್ಚುತ್ತಿದ್ದರು. ಯಾವ ಬಂದೂಕಿಗೆ ಯಾವುದು ಹೊಂದುತ್ತದೆ ಎಂದು ನೋಡಿ ಹೇಳುವ ಕೆಲಸವನ್ನು ಒಪ್ಪಿಕೊಳ್ಳಿ, ಅಪಘಾತವಾದರೂ ತಪ್ಪುತ್ತದೆ ಎಂದು ರೇಂಜಿನ ಮಾಲೀಕ ಕೇಳಿದ. ಅವನ ಮಾತಿನಲ್ಲೂ ನ್ಯಾಯವಿತ್ತು. ಆಂಟಿ ಒಂದು ವಾರ ಯೋಚಿಸಿದರು. "ಹೊಂದದೇ ಇರೋದರಿಂದ ನಮ್ಮಣ್ಣ ಹೋದ. ಸರಿಯಾಗಿ ಹೊಂದಿದ್ದರಿಂದ ಹೋಗೋರ ಲೆಕ್ಕ ಯಾರಿಗೆ ಕೊಡ್ಲಿ?" ಎಂದು ನನ್ನ ಹತ್ತಿರ ಹೇಳಿ, ರೇಂಜಿಗೆ ಹೋಗುವುದನ್ನೇ ಬಿಟ್ಟರು. ಶನಿವಾರ ಬಂತೆಂದರೆ ಏನು ಮಾಡಬೇಕೆಂದು ತಿಳಿಯದೆ ಕಿಟಕಿಯಲ್ಲಿ ಕೂತು ಕಡಲಿನಲ್ಲಿ ಫೆರ್ರಿ ದೋಣಿ ಬರುವುದನ್ನೂ ಹೋಗುವುದನ್ನೂ ನೋಡುತ್ತಿದ್ದರು. ಒಮ್ಮೆ ನಾನು, "ಬೇಜಾರಾಗ್ತಿದೆಯಾ ಆಂಟಿ?" ಎಂದೆ. "ಆಗ್ದೇ ಇರುತ್ತಾ?" ಎಂದರು.

ಕಳೆದ ಚಳಿಗಾಲದಲ್ಲಿ ಹೃದಯ ನಿಂತು ಹೋದರು. ಕೊಡಗಿನಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಸುತ್ತಲಿನವರಿಗೆ ತಿಳಿಸುತ್ತಾರೆ. ಮುಕಿಲ್ಟಿಯೊದ ಬೀದಿಯಲ್ಲಿ ಅದು ಸಾಧ್ಯವಿರಲಿಲ್ಲ. ಮಗಳು ಶೀಲಾ ರೇಂಜಿನ ಮಾಲೀಕನಿಗೆ ಕಾಲ್ ಮಾಡಿದಳು. ಅವನು ಆ ಶನಿವಾರ ಎಲ್ಲರ ಬಂದೂಕುಗಳನ್ನೂ ಕೆಳಗಿಡಿಸಿದ. ಆಂಟಿಯ ಜೋಡಿನಳಿಗೆಯ ಕೋವಿಯನ್ನು ಶೀಲಾ ಮನೋಹರನ ಕೈಗೆ ಕೊಟ್ಟಳು.

ಮನೋಹರ ಒಂದು ಹೊಡೆದ. ಸದ್ದು ಬೆಟ್ಟದ ಕಡೆ ಹೋಗಿ ಅಡಗುವವರೆಗೂ ತಡೆದು ಇನ್ನೊಂದು ಹೊಡೆದ.

ಮಾಲೀಕ ಟೋಪಿ ತೆಗೆದು ಹತ್ತಿರ ಬಂದು, ಇನ್ನು ಶುರು ಮಾಡಿಸಬಹುದೇ ಎಂದು ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದ. ಸಾಲಿನುದ್ದಕ್ಕೂ ಜನ ಕಾಯುತ್ತಿದ್ದರು. ಶೀಲಾಗೆ ಯಾಕೋ ಕನ್ನಡವೇ ಬಂತು.

"ಇನ್ನೊಂಚೂರು ತಡೀರಿ," ಎಂದಳು.

ಅವನಿಗೆ ಅರ್ಥವಾಯಿತು.