ಅಪ್ಪನ ಹೆಬ್ಬೆರಳಿಗೆ ಗೇರೆಣ್ಣೆ

ಅಪ್ಪನ ಕಾಲಿನ ಹೆಬ್ಬೆರಳ ಉಗುರು ಮಾಂಸದೊಳಗೆ ಬೆಳೆಯುತ್ತಿತ್ತು. ನಮ್ಮೂರು ಲಚ್ಯಾಣದ ಸುತ್ತಿನ ಬಯಲಲ್ಲಿ ಜೀವನಪೂರ್ತಿ ಕುರಿಗಳ ಹಿಂದೆ ನಡೆದ ಕಾಲು ಅದು. ಇಂಡಿ ಪಟ್ಟಣದ ಡಾಕ್ಟರು ಬೆರಳಿಗೆ ಇಂಜೆಕ್ಷನ್ ಕೊಟ್ಟು ಉಗುರಿನ ಅಂಚನ್ನು ಕತ್ತರಿಸಿದ್ದರು. ಆರು ತಿಂಗಳಿಗೆ ಅದು ಮತ್ತೆ ಅಲ್ಲೇ ಚುಚ್ಚಿತು. ಹಟದಲ್ಲಿ ಥೇಟ್ ಅಪ್ಪನೇ.

ಈ ಸಲ ನಾನೇ ಸಿಂದಗಿಗೆ ಕರೆದೊಯ್ದೆ. ಅಲ್ಲಿನ ಡಾಕ್ಟರು ಬಿಡಿಸಿ ಹೇಳಿದರು. ಬರೀ ಕತ್ತರಿಸಿದರೆ ಗಾಯ ಬೇಗ ಒಣಗುತ್ತದೆ, ಆದರೆ ಉಗುರು ಮರಳಿ ಬರುವ ಸಂಭವ ಹೆಚ್ಚು. ಕತ್ತರಿಸಿ, ಬುಡಕ್ಕೆ ಫಿನಾಲ್ ಎಂಬ ರಾಸಾಯನಿಕ ಹಚ್ಚಿ ಸುಟ್ಟರೆ ಕೆಲವು ವಾರ ಗಾಯ ಒಸರುತ್ತದೆ, ಆದರೆ ಆ ಅಂಚು ಸಾಮಾನ್ಯವಾಗಿ ಮತ್ತೆ ಬೆಳೆಯುವುದಿಲ್ಲ. "ಎರಡನೇದ್ದ ಮಾಡೋಣ್ರಿ. ಆದ್ರ ಮೊದಲ ಸಕ್ಕರಿ ಕಾಯಿಲೆ ಹತೋಟಿಗೆ ಬರ್ಲಿ, ಹದಿನೈದು ದಿನ ಬಿಟ್ಟು ಬರ್ರಿ" ಅಂದರು.

ಬಸ್ಸಿನಲ್ಲಿ ಅಪ್ಪನ ಮುಖ ಸಪ್ಪಗಾಗಿತ್ತು. "ಸುಡತಾರಂತಲ್ಲ ಯವ್ವಾ?" ಸಾಲಿ ಕಲಿಸುವವಳು ನಾನು, ಉದಾಹರಣೆ ಕೊಡದಿದ್ದರೆ ಬಾಯಿ ತುರಿಸುತ್ತದೆ.

"ಅಂಜಬ್ಯಾಡೋ ಅಪ್ಪಾ. ನೀ ಕುರಿ ಗೊರಸು ಕೆತ್ತಿ ಗೇರೆಣ್ಣಿ ಹಚ್ಚತೀಯಲ್ಲ, ಹಂಗ ಐತಿ ಇದು."

ಅಪ್ಪ ನಕ್ಕ. ನನ್ನ ಜಾಣತನಕ್ಕೆ ನಾನೂ ಹಿಗ್ಗಿದೆ.

ಹದಿನೈದನೇ ದಿನ ಅವನನ್ನು ಕರೆದೊಯ್ಯಲು ಊರಿಗೆ ಹೋದೆ. ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿದೆ. ಬೆರಳು ಕಪ್ಪಗೆ, ಪಾದದ ತುಂಬ ಬೊಬ್ಬೆ, ಕೊಳೆತ ವಾಸನೆ. ಗೊರಸು ಕೆತ್ತುವ ಚೂರಿಯಿಂದ ಉಗುರನ್ನು ತಾನೇ ಕೆತ್ತಿ, ಗೇರುಬೀಜದಿಂದ ತೆಗೆದ, ಚರ್ಮ ಸುಡುವ ಆ ಎಣ್ಣೆಯನ್ನು ಕಾಸಿ ಸುರಿದುಕೊಂಡಿದ್ದ.

"ಹಂಗ ಐತಿ ಅಂದಿದ್ಯಲ್ಲ? ಮತ್ತ್ಯಾಕ ಸಿಂದಗಿ ತನಕ ಹೋಗೂದು?" ಅಂದ, ಕೆಲಸ ಮುಗಿಸಿದವನ ಸಮಾಧಾನದಲ್ಲಿ. ನಾನು ಕಿರುಚಿಬಿಟ್ಟೆ. ಏನೆಂದು ಕಿರುಚಿದೆನೋ ಇವತ್ತಿಗೂ ನೆನಪಿಲ್ಲ.

ಸಿಂದಗಿಯ ಡಾಕ್ಟರು ಕಾಲು ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. ಬೆರಳು ಉಳಿಯುವುದಿಲ್ಲ, ಇವತ್ತೇ ತೆಗೆಯಬೇಕು ಅಂದರು. ಆಮೇಲೆ ಸಿಟ್ಟಿನಿಂದ ಕೇಳಿದರು, "ಯಜಮಾನ್ರ, ಹಿಂಗ ಮಾಡ್ರಿ ಅಂತ ನಿಮಗ ಯಾರ್ ಹೇಳಿದ್ರು?"

ನಾನೇ ಅಂತ ಹೇಳಬೇಕು ಅಂದುಕೊಂಡೆ, ಬಿಚ್ಚಿದ ಬಟ್ಟೆಯನ್ನು ಮಡಚುತ್ತ ನಿಂತೆ. ಅಪ್ಪ ನನ್ನ ಕಡೆ ನೋಡಲೂ ಇಲ್ಲ.

"ಯಾರೂ ಹೇಳಿಲ್ರಿ ಸಾಹೇಬ್ರ. ಮಗಳು ಬ್ಯಾಡ ಅಂದಿದ್ಲು, ನಾನಽ ಕೇಳಲಿಲ್ಲ."