ಹಚ್ಚುವುದು, ಹಚ್ಚಿಕೊಳ್ಳುವುದು

ಇದರಲ್ಲಿ ಕೆಲವು ಸಂಗತಿಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಅಜ್ಜನ ಬೈಬಲ್ಲಿಗೆ ಟಿಂಚರಿನ ವಾಸನೆ ಇತ್ತು ಎಂದು ನಾನು ಬೇಕಾದರೆ ಆಣೆ ಮಾಡಿ ಹೇಳಿಯೇನು. ಆದರೆ ಆಣೆ ಇಡಬಾರದು ಎಂದು ಕಲಿಸಿದವನೂ ಅದೇ ಅಜ್ಜ. ಅವ್ವನನ್ನು ಕೇಳಿದರೆ, ಅದು ಟಿಂಚರ್ ಅಲ್ಲ, ನುಸಿ ಹಿಡಿಯಬಾರದೆಂದು ಕಪಾಟಿನಲ್ಲಿ ಇಡುತ್ತಿದ್ದ ಕರ್ಪೂರದ ವಾಸನೆ ಎನ್ನುತ್ತಾಳೆ. ಹೋದ ತಿಂಗಳು ಶಾಲೆಯಲ್ಲಿ ಬಿದ್ದು ಮೊಣಕಾಲು ತರಚಿಕೊಂಡು ಬಂದ ಮಗಳಿಗೆಂದು ಕೊಪ್ಪಳದ ನಮ್ಮ ಮನೆಯಲ್ಲಿ ಟಿಂಚರ್ ಶೀಷೆಯ ಮುಚ್ಚಳ ತೆಗೆದೆ. ಆ ಖಾರ ವಾಸನೆ ಮೂಗಿಗೆ ಬಡಿದದ್ದೇ, ಹತ್ತಿ ಕೈಯಲ್ಲೇ ಉಳಿಯಿತು. ಗಂಗಾವತಿಯ ಮನೆ, ಭಾನುವಾರದ ಜಮಖಾನ, ಅಜ್ಜನ ದಪ್ಪ ಕನ್ನಡಕ ಎಲ್ಲ ಒಟ್ಟಿಗೆ ಬಂದವು. ಅವುಗಳ ಹಿಂದೆಯೇ ಭಾನುವಾರದ ಆ ಹಳೆಯ ಅಂಜಿಕೆಯೂ ಬಂತು. ವಾಸನೆಯ ಬಗ್ಗೆ ನನಗೆ ಅನುಮಾನವಿರಬಹುದು, ಅಂಜಿಕೆಯ ಬಗ್ಗೆ ಇಲ್ಲ.

ಅಜ್ಜ ಸರಕಾರಿ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದು ನಿವೃತ್ತನಾದವನು. ನಮ್ಮ ಸಣ್ಣ ಕ್ರೈಸ್ತ ಸಭೆಗೆ ಹಿರಿಯ. ಪಾಸ್ಟರು ತಿಂಗಳಿಗೊಮ್ಮೆ ಬಂದರೆ ಬಂದರು, ಉಳಿದ ಭಾನುವಾರಗಳಲ್ಲಿ ನಮ್ಮ ಪಡಸಾಲೆಯೇ ಗುಡಿ, ಅಜ್ಜನೇ ಬೋಧಕ. ಮನೆ ಅಕ್ಕಿ ಗಿರಣಿಗಳ ಓಣಿಯಲ್ಲಿತ್ತು. ಸುಗ್ಗಿಯಲ್ಲಿ ಭತ್ತದ ಹೊಟ್ಟಿನ ಸಣ್ಣ ಧೂಳು ಕಿಟಕಿಯ ಸಂದಿನಿಂದ ಒಳಗೆ ಬಂದು ಜಮಖಾನದ ಮೇಲೆ, ಹಾಡಿನ ಪುಸ್ತಕಗಳ ಮೇಲೆ, ನಮ್ಮ ರೆಪ್ಪೆಗಳ ಮೇಲೆ ಕೂರುತ್ತಿತ್ತು. ಅಜ್ಜನ ಕೆಮ್ಮಿಗೂ ಅದೇ ಕಾರಣ ಎನ್ನುತ್ತಿದ್ದರು. ಪಕ್ಕದ ಗೋಡೆ ಗೌರವ್ವನದು. ಸಂಜೆ ನಾವು ಹಾಡು ಎತ್ತುವ ಹೊತ್ತಿಗೇ ಆಕೆ ದೇವರ ಮುಂದೆ ಗಂಟೆ ಬಾರಿಸುತ್ತಿದ್ದಳು. ಆಗ ಅಜ್ಜ ಕೈ ಎತ್ತಿ, "ತಡೀರಿ, ಗೌರವ್ವಂದು ಮುಗೀಲಿ" ಎನ್ನುತ್ತಿದ್ದ. ಗಂಟೆ ನಿಲ್ಲುವವರೆಗೆ ಇಡೀ ಸಭೆ ಬಾಯಿ ತೆರೆದುಕೊಂಡೇ ಕಾಯುತ್ತಿತ್ತು. ಅತ್ತ ಗೌರವ್ವನೂ ನಮ್ಮ ಪ್ರಾರ್ಥನೆ ನಡೆದಿರುವಾಗ ಒರಳು ತಿರುವುತ್ತಿರಲಿಲ್ಲ. ಇದು ಯಾರೂ ಮಾತಾಡಿ ಮಾಡಿಕೊಂಡ ಒಪ್ಪಂದವಲ್ಲ.

ಬೈಬಲ್ ಓದಿ ಮುಗಿದ ಮೇಲೆ ನಡೆಯುತ್ತಿದ್ದುದೇ ನಮ್ಮ ಮನೆಯ ವಿಶೇಷ. ದೊಡ್ಡ ಸಭೆಗಳಲ್ಲಿ ಅದಕ್ಕೆ ಅನ್ವಯ ಎನ್ನುತ್ತಾರೆ ಎಂಬುದು ಧಾರವಾಡಕ್ಕೆ ಓದಲು ಹೋದ ಮೇಲೆ ನನಗೆ ತಿಳಿಯಿತು. ಅಜ್ಜ ಅದನ್ನು 'ಹಚ್ಚಿಕೊಳ್ಳೋದು' ಎನ್ನುತ್ತಿದ್ದ. ಮುಲಾಮು ಹಚ್ಚಿಕೊಂಡ ಹಾಗೆ ವಾಕ್ಯವನ್ನು ಹಚ್ಚಿಕೊಳ್ಳಬೇಕು. ಮೊದಲು, ಈ ಮಾತನ್ನು ಆಗ ಯಾರು ಯಾರಿಗೆ, ಯಾಕೆ ಹೇಳಿದರು ಎಂದು ಕೇಳುತ್ತಿದ್ದ. ಆಮೇಲೆ ಅದೇ ವಿಷಯ ಹೇಳುವ ಇನ್ನೊಂದು ಭಾಗವನ್ನು ತೆಗೆಸುತ್ತಿದ್ದ, ಒಂದೇ ವಾಕ್ಯ ಹಿಡಿದುಕೊಂಡು ಓಡುವವನು ಒಂದೇ ಚಪ್ಪಲಿ ಹಾಕಿಕೊಂಡು ಓಡಿದಂತೆ ಎಂದು. ಕೊನೆಗೆ ಎಲ್ಲರೂ ಸರದಿಯ ಪ್ರಕಾರ, ಆ ವಾಕ್ಯ ತಮ್ಮಲ್ಲಿ ಎಲ್ಲಿ ತಾಗಿತು ಎಂದು ಹೇಳಿ, 'ಹಚ್ಕೊಂಡೀನಿ' ಎಂದು ಮುಗಿಸಬೇಕು. ಬೇರೆ ಕಡೆ ಆಮೆನ್ ಎನ್ನುವಲ್ಲಿ ನಮ್ಮಲ್ಲಿ 'ಹಚ್ಕೊಂಡೀನಿ'. ಒಂದೇ ಒಂದು ಕಟ್ಟಳೆ: ತನಗೆ ಹಚ್ಚಿಕೊಳ್ಳಬೇಕು, ಇನ್ನೊಬ್ಬರಿಗೆ ಹಚ್ಚುವ ಹಾಗಿಲ್ಲ. ಯಾರಾದರೂ ನೆರೆಯವರ ಕಡೆ ಕಣ್ಣು ಹೊರಳಿಸಿ ಮಾತಾಡಿದರೆ ಅಜ್ಜ ತಡೆಯುತ್ತಿದ್ದ. "ನನ್ನ ಕಡೆ ಎರಡು ಮುಲಾಮು ಅದಾವ. ಒಂದು ಉರಿತೈತಿ, ಒಂದು ತಂಪ. ಉರಿಯೋದು ನಮಗ ಹಚ್ಕೊಳ್ಳಾಕ, ತಂಪಿಂದು ಮಂದಿಗೆ ಹಚ್ಚಾಕ. ಅದಲಿ ಬದಲಿ ಮಾಡಬ್ಯಾಡ್ರಿ."

ಕೇಳಲು ಚೆನ್ನಾಗಿದೆ. ಆದರೆ ಎಂಟೊಂಬತ್ತು ವರ್ಷದ ಹುಡುಗಿಗೆ ಭಾನುವಾರವೆಂದರೆ ಒಂದು ಪರೀಕ್ಷೆಯೇ. ಸರದಿ ಬಾಗಿಲ ಕಡೆಯಿಂದ ಹೊರಟು, ಅವ್ವನನ್ನು ದಾಟಿ ನನ್ನ ಕಡೆ ಬರುವಾಗ ನಾನು ವಾರದ ತಪ್ಪುಗಳನ್ನು ಬೆರಳಲ್ಲಿ ಎಣಿಸುತ್ತಿದ್ದೆ. ಹೇಳುವಂಥ ತಪ್ಪು ಇದ್ದರೆ ನಾಚಿಕೆ, ಇಲ್ಲದಿದ್ದರೆ ಇನ್ನೂ ಭಯ, ಕಾಣದ ಯಾವುದೋ ತಪ್ಪು ಒಳಗೇ ಕೂತಿದೆಯೇನೋ ಎಂದು. ಇವತ್ತಿಗೂ ಯಾವುದಾದರೂ ಸಭೆಯಲ್ಲಿ ಮೈಕು ಕೈಯಿಂದ ಕೈಗೆ ಬರುತ್ತಿದ್ದರೆ ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತೇನೆ. ಆ ಭಾನುವಾರಗಳಲ್ಲಿ ನಾನು ಕರುಣತ್ತೆಯ ಸೆರಗು ಹಿಡಿದುಕೊಂಡು ಕೂರುತ್ತಿದ್ದೆ. ಕರುಣತ್ತೆ ಅಜ್ಜನ ಕಿರಿಯ ಮಗಳು, ನನ್ನಪ್ಪನ ತಂಗಿ. ನರ್ಸ್ ಟ್ರೇನಿಂಗ್ ಮುಗಿಸಿ ನೌಕರಿಯ ಆರ್ಡರಿಗೆ ಕಾಯುತ್ತಿದ್ದವಳು. ನನ್ನ ಸರದಿ ಹತ್ತಿರ ಬಂದಾಗ ಕಿವಿಯಲ್ಲಿ, "ಸಕ್ಕರಿ ಕದ್ದೀನಿ ಅನ್ನು. ನಿನ್ನೆ ನಾನೂ ಕದ್ದೀನಿ, ಇಬ್ರೂ ಕೂಡಿ ಹಚ್ಕೊಳ್ಳೋಣು" ಎಂದು ಪಿಸುಗುಟ್ಟುತ್ತಿದ್ದಳು. ನನಗೆ ನಗು ಬಂದು ಭಯ ಹೋಗುತ್ತಿತ್ತು.

ಆ ವರ್ಷ ದಸರೆಯಲ್ಲಿ ಗೌರವ್ವ ಹೇಮಗುಡ್ಡದ ದೇವಿಯ ಗುಡಿಗೆ ಹೊರಟಳು. ಆಕೆಗೆ ಮೊಣಕಾಲು ನೋವು, ಜೊತೆಗೆ ಹೋಗುವವರು ಯಾರೂ ಇರಲಿಲ್ಲ. ಕರುಣತ್ತೆ ಕೈಹಿಡಿದು ಕರೆದುಕೊಂಡು ಹೋದಳು. ಹೋಗುವಾಗ ಅಜ್ಜ ನೋಡಿದ, ಬೇಡವೆನ್ನಲಿಲ್ಲ. ನೋವಿನ ಗುಳಿಗೆಯನ್ನು ಕಾಗದದಲ್ಲಿ ಕಟ್ಟಿ ಕೊಟ್ಟ ಎಂದೂ ನನ್ನ ನೆನಪು. ಸಂಜೆ ಅತ್ತೆ ತಿರುಗಿ ಬಂದಾಗ ಪಡಸಾಲೆಯಲ್ಲಿ ಪ್ರಾರ್ಥನೆಗೆ ಮಂದಿ ಸೇರಿತ್ತು. ಅವಳ ಹಣೆಯ ಮೇಲೆ ಅಗಲವಾಗಿ ಕುಂಕುಮವಿತ್ತು. ಯಾರೋ ಉಸಿರು ಎಳೆದುಕೊಂಡದ್ದು ಕೇಳಿಸಿತು. ಶಾಂತವ್ವ, ಸಭೆಯ ಹಿರಿಯ ಹೆಂಗಸು, ತಡೆಯಲಾರದೆ, "ಏನ ಕರುಣಾ, ಇದೇನ ಹಚ್ಕೊಂಡ ಬಂದೀ?" ಎಂದಳು. ಅತ್ತೆ ಚಪ್ಪಲಿ ಬಿಡುತ್ತ ಹೇಳಿದಳು: "ನಾ ಹಚ್ಕೊಂಡಿಲ್ಲ ಬೇ, ಗೌರವ್ವ ಹಚ್ಚ್ಯಾಳ. ಮುದುಕಿ ಪ್ರೀತೀಲೆ ಹಚ್ಚಿದ್ದನ್ನ ಆಕಿ ಮುಂದ ಹೆಂಗ ಒರಸಲಿ?" ಮಂದಿಯಲ್ಲಿ ಒಬ್ಬಿಬ್ಬರು ನಕ್ಕರು. ಅಜ್ಜನ ಮಾತನ್ನು ಅಜ್ಜನ ಮುಂದೆಯೇ ತಿರುಗಿಸಿ ಹೇಳಿದ್ದಳಲ್ಲ. ಅಜ್ಜನೂ ಮೀಸೆಯಡಿ ನಕ್ಕನೆ? ನಕ್ಕ ಎಂದು ನನಗೆ ಕಾಣುತ್ತದೆ. ಹಾಗೆ ಕಾಣಬೇಕೆಂದು ನನಗೆ ಆಸೆಯಿರುವುದರಿಂದಲೇ ನಾನು ಅದನ್ನು ಪೂರ್ತಿ ನಂಬುವುದಿಲ್ಲ.

ವಾರದೊಳಗೆ ಮಾತು ಬೆಳೆಯಿತು. ಸಭೆಯ ಇನ್ನೊಬ್ಬ ಹಿರಿಯ ಯೋಸೇಫಪ್ಪ ಮನೆಗೆ ಬಂದು, ಮಂದಿಯ ಮಕ್ಕಳಿಗೊಂದು ನ್ಯಾಯ, ನಿಮ್ಮ ಮಗಳಿಗೊಂದು ನ್ಯಾಯ ಆಗಬಾರದು ಎಂದು ಹೇಳಿಹೋದ. ಅವನು ಕೆಟ್ಟವನಲ್ಲ. ಸಭೆಗೆ ಸೇರಿದ್ದಕ್ಕೆ ತನ್ನ ಒಡಹುಟ್ಟಿದವರನ್ನೇ ಕಳೆದುಕೊಂಡವನು. ಅಷ್ಟು ಕೊಟ್ಟು ಕಟ್ಟಿಕೊಂಡದ್ದು ಸಡಿಲಾದೀತೆಂಬ ಅಂಜಿಕೆ ಅವನಿಗೆ. ಮುಂದಿನ ಭಾನುವಾರ ಓದಬೇಕಾದ ಭಾಗವನ್ನೂ ಅವನೇ ಸೂಚಿಸಿದ. ತಪ್ಪು ಮಾಡಿದವನನ್ನು ಹೊರಗೆ ಹಾಕಿರೆಂದು ಪೌಲನು ಒಂದು ಊರಿನ ಸಭೆಗೆ ಬರೆದದ್ದು: ತುಸು ಹುಳಿ ನಾದಿದ ಹಿಟ್ಟನ್ನೆಲ್ಲ ಹುಳಿ ಮಾಡುತ್ತದೆ, ಹಳೆಯ ಹುಳಿಯನ್ನು ತೆಗೆದುಹಾಕಬೇಕು ಎಂಬ ಮಾತು. ಜೋಳದ ರೊಟ್ಟಿಯ ಸೀಮೆಯಲ್ಲಿ ಹಿಟ್ಟಿಗೆ ಹುಳಿ ಹಾಕಿ ಉಬ್ಬಿಸುವುದನ್ನು ಯಾರು ಕಂಡಿದ್ದರು? ನಮಗೆ ಹುಳಿ ಎಂದರೆ ಕೆಟ್ಟದ್ದು, ಇಲ್ಲವೆ ಹುಣಸೆಹಣ್ಣು. ಅಂದು ಸರದಿ ಮೊದಲು ಬಂದದ್ದು ಶಾಂತವ್ವನಿಗೆ. ಆಕೆ ಕಣ್ಣು ಮುಚ್ಚಿ ಗಂಭೀರವಾಗಿ, "ಇನ್ನ ಮ್ಯಾಲ ನಮ್ಮ ಮನ್ಯಾಗ ಸಾರಿಗೆ ಹುಣಸಿಹಣ್ಣ ಹಾಕಂಗಿಲ್ರಿ. ಹಚ್ಕೊಂಡೀನಿ" ಎಂದಳು. ಅವಳ ಗಂಡ, "ಸ್ವಾಮಿ, ಹಂಗಾರ ನನ್ನ ಊಟದ ಗತಿ ಏನ್ರಿ?" ಎಂದ. ಪಡಸಾಲೆಯೆಲ್ಲ ಗೊಳ್ಳೆಂದಿತು. ಕರುಣತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಅವಳೂ ನಕ್ಕಳು. ಆ ಮನೆಯಲ್ಲಿ ನಾನು ಕೇಳಿದ ಅವಳ ಕೊನೆಯ ನಗು ಅದು.

ಯೋಸೇಫಪ್ಪ ನಗಲಿಲ್ಲ. "ಈಗ ಹಿರಿಯರು ಹೇಳ್ರಿ. ಈ ವಾಕ್ಯ ನಿಮ್ಮ ಮನಿಗೆ ಹತ್ತತೈತೋ ಇಲ್ಲೋ?" ಎಂದು ಅಜ್ಜನನ್ನು ಕೇಳಿದ. ಅಜ್ಜ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದ. ಬಾಗಿಲ ಕಡೆ ಒಮ್ಮೆ ನೋಡಿದ. "ನನ್ನ ಮಗಳ ವಿಷಯದಾಗ ಈ ವಾಕ್ಯ ನಾ ಹಚ್..." ಎನ್ನುವಷ್ಟರಲ್ಲಿ ಕೆಮ್ಮು ಎದ್ದಿತು. ಎದೆ ಕಿತ್ತುಬರುವಂಥ ಕೆಮ್ಮು. ಅದರ ಕೊನೆಗೆ ನನಗೆ ಕೇಳಿಸಿದ್ದು ಬರೀ "ನಿ". ಹಚ್ಚೀನಿ ಎಂದನೋ, ಹಚ್ಕೊಂಡೀನಿ ಎಂದನೋ? ಮಗಳಿಗೆ ಹಚ್ಚಿದನೋ, ಮಗಳಿಗಾಗಿ ತಾನು ಹಚ್ಚಿಕೊಂಡನೋ? ಯೋಸೇಫಪ್ಪ ತಲೆಯಾಡಿಸಿದ, ತನಗೆ ಬೇಕಾದ್ದು ಸಿಕ್ಕಿತೆಂಬಂತೆ. ನನ್ನಪ್ಪ ತಲೆ ತಗ್ಗಿಸಿದ. ಬಾಗಿಲಿಗೆ ಆತುಕೊಂಡಿದ್ದ ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು ಹಿತ್ತಲ ಕಡೆಯಿಂದ ಗೌರವ್ವನ ಮನೆಗೆ ಹೋದಳು. ಅಜ್ಜ ನೀರು ಕುಡಿದು ಮತ್ತೆ ಪುಟ ತಿರುವತೊಡಗಿದ. ಹುಳಿಯ ಬಗ್ಗೆ ಯೇಸು ಹೇಳಿದ ಇನ್ನೊಂದು ಮಾತಿದೆ: ಒಬ್ಬ ಹೆಂಗಸು ಹಿಟ್ಟಿನಲ್ಲಿ ಕಲಸಿಟ್ಟ ಹುಳಿಗೆ ದೇವರ ರಾಜ್ಯವನ್ನೇ ಹೋಲಿಸಿದ್ದು. ಎರಡನೆಯ ಚಪ್ಪಲಿ. ಅಜ್ಜ ಹುಡುಕುತ್ತಿದ್ದದ್ದು ಅದನ್ನೇ ಎಂದು ಈಗ ನನಗೆ ಅನ್ನಿಸುತ್ತದೆ. ಆದರೆ ಯೋಸೇಫಪ್ಪ ಅಷ್ಟರಲ್ಲಿ ಮುಗಿಸುವ ಪ್ರಾರ್ಥನೆ ಶುರುಮಾಡಿಬಿಟ್ಟಿದ್ದ.

ಆಮೇಲಿನದೆಲ್ಲ ತುಂಡುತುಂಡು. ಅತ್ತೆಗೆ ಯಲಬುರ್ಗಾದಲ್ಲಿ ನೌಕರಿ ಸಿಕ್ಕಿತು. ಪೆಟ್ಟಿಗೆ ಗೌರವ್ವನ ಮನೆಯಿಂದಲೇ ಹೊರಟಿತು. ಅಜ್ಜ ಹಿಂದೆಯೇ ಯಲಬುರ್ಗಾಕ್ಕೆ ಹೋಗಿದ್ದ, ಅವಳು ಬಾಗಿಲು ತೆಗೆಯಲಿಲ್ಲ ಎಂದು ಅವ್ವ ಹೇಳುತ್ತಾಳೆ. ಹೋಗಲೇ ಇಲ್ಲ, ಬಸ್ ಸ್ಟ್ಯಾಂಡಿನವರೆಗೆ ಹೋಗಿ ತಿರುಗಿ ಬಂದ ಎಂದು ಅಪ್ಪ ಹೇಳುತ್ತಿದ್ದ. ನನಗೆ ನೆನಪಿರುವುದು ಇಷ್ಟು: ಅಲ್ಲಿಂದ ಮುಂದೆ, ಯೇಸುವಿನ ಕೊನೆಯ ಊಟವನ್ನು ನೆನೆಯುವ ಪ್ರಭುಭೋಜನದ ದಿನ ರೊಟ್ಟಿಯ ತಟ್ಟೆ, ದ್ರಾಕ್ಷಾರಸದ ಬಟ್ಟಲು ಅಜ್ಜನ ಮುಂದೆ ಬಂದರೆ ಅವನು ಮುಟ್ಟದೆ ಪಕ್ಕದವರಿಗೆ ದಾಟಿಸುತ್ತಿದ್ದ. ಸಭೆಯಿಂದ ಹೊರಗೆ ಹಾಕಿಸಿಕೊಂಡವರಿಗೆ ಅದು ಸಲ್ಲದು; ತಾನೇ ಅಂಥವನು ಎಂಬ ಹಾಗೆ. ಇದೇ ಸಾಕ್ಷಿಯೆಂದು ನಾನು ಅವ್ವನ ಮುಂದೆ ಇಟ್ಟೆ. ಅವ್ವ ಅಕ್ಕಿ ಆರಿಸುತ್ತ, "ಕೆಮ್ಮು ಇತ್ತಲ್ಲ ಯವ್ವಾ, ಎಲ್ಲಾರೂ ಕುಡಿಯೋ ಬಟ್ಟಲ ತನ್ನಿಂದ ಮೈಲಿಗಿ ಆಗಬಾರದಂತಿದ್ದ. ಕಂಪೌಂಡರಲ್ಲೇನು ಆತ?" ಎಂದಳು. ಇಬ್ಬರ ಮಾತೂ ನಿಜವಿರಬಹುದು. ಅಜ್ಜ ಹೋದ. ಗೌರವ್ವ ಹೋದಳು. ಮನೆ ಮಾರಾಟವಾಯಿತು, ಈಗ ಅಲ್ಲಿ ಗಿರಣಿಯವರ ಗೋದಾಮಿದೆ. ಹೋದ ಸಲ ಶಟರಿನ ಹತ್ತಿರ ನಿಂತು, ಪಡಸಾಲೆ ಎಲ್ಲಿತ್ತು, ಗೌರವ್ವನ ಗೋಡೆ ಎಲ್ಲಿತ್ತು ಎಂದು ಲೆಕ್ಕ ಹಾಕಿದೆ, ತಾಳೆಯಾಗಲಿಲ್ಲ. ನಿಮಗೂ ಹೀಗಾಗಿದ್ದರೆ ಗೊತ್ತಿರುತ್ತದೆ, ಕಳೆದುಹೋದ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಅಳಿಸಿಹೋಗುವುದು ಅಳತೆ.

ಇಷ್ಟು ವರ್ಷ ಅತ್ತೆಯನ್ನು ಕೇಳದ್ದನ್ನು ಈಗ ಕೇಳಲು ಕಾರಣವಿದೆ. ಕರುಣತ್ತೆಗೆ ಈಚೆಗೆ ನಾಲ್ಕು ಹೆಜ್ಜೆ ನಡೆದರೆ ಉಸಿರು ಕಟ್ಟುತ್ತದೆ. ಮದುವೆಯಾಗಲಿಲ್ಲ, ನಿವೃತ್ತಳಾಗಿ ಅಲ್ಲೇ ಯಲಬುರ್ಗಾದಲ್ಲಿದ್ದಾಳೆ. ದಿನಾ ಬೈಬಲ್ ಓದುತ್ತಾಳೆ, ಒಬ್ಬಳೇ. ಅಂದಿನಿಂದ ಯಾವ ಸಭೆಯ ಹೊಸ್ತಿಲನ್ನೂ ತುಳಿದಿಲ್ಲ. ಈಗಿನ ಹಿರಿಯರು ಒಳ್ಳೆಯವರು. ಅವಳು ಹೂಂ ಎಂದರೆ ಸಾಕು, ಬಂದು ಪ್ರಾರ್ಥಿಸಿ ಪ್ರಭುಭೋಜನ ಕೊಡುತ್ತೇವೆ, ನಾಳೆ ಸಮಾಧಿಗೂ ಅಜ್ಜನ ಪಕ್ಕದಲ್ಲೇ ಜಾಗವಿದೆ ಎನ್ನುತ್ತಾರೆ. ಅವಳು ಒಪ್ಪುವುದಿಲ್ಲ. "ನಮ್ಮಪ್ಪ ಹೊರಗ ಹಾಕಿದಾಕಿನ್ನ ನೀವು ಯಾರು ಒಳಗ ತಗೊಳ್ಳಾಕ?" ಎಂದು ಅವರನ್ನು ಬಾಗಿಲಿಂದಲೇ ಕಳಿಸಿದಳಂತೆ. ಅದನ್ನು ಕೇಳಿದಾಗಿನಿಂದ ನನಗೆ ನಿದ್ದೆ ಸರಿಯಿಲ್ಲ. ಅಜ್ಜ ಹಚ್ಕೊಂಡೀನಿ ಎಂದಿದ್ದರೆ ಇವಳನ್ನು ಯಾರೂ ಹೊರಗೆ ಹಾಕಿಯೇ ಇಲ್ಲ. ಹಚ್ಚೀನಿ ಎಂದಿದ್ದರೆ, ಮುಚ್ಚಿದ ಗಾಯವನ್ನು ನಾನೇ ಕೆದಕಿದಂತೆ. ಒಂದು ಕೆಮ್ಮು ನುಂಗಿದ ಎರಡಕ್ಷರದ ಮೇಲೆ ಒಬ್ಬಳ ಬದುಕು ನಿಂತಿತೇ ಎಂದು ಡೈರಿಯಲ್ಲಿ ಬರೆದೆ, ಬರೆದದ್ದು ಬಹಳ ಚೆಂದವಾಗಿ ಕಂಡದ್ದರಿಂದ ಹೊಡೆದುಹಾಕಿದೆ.

ಹೋದ ಶನಿವಾರ ಮಗಳನ್ನು ಕರೆದುಕೊಂಡು ಯಲಬುರ್ಗಾಕ್ಕೆ ಹೋದೆ. ಬಸ್ಸಿನಿಂದ ಇಳಿಯುವಾಗ ಅವಳ ಮೊಣಕಾಲಿನ ಹಕ್ಕಳೆ ಕಿತ್ತು ರಕ್ತ ಒಸರಿತ್ತು. ಅತ್ತೆ ನೋಡಿದವಳೇ ಏದುಸಿರು ಬಿಡುತ್ತ ಎದ್ದು ಕಪಾಟಿನಿಂದ ಎರಡು ಡಬ್ಬಿ ತೆಗೆದಳು, ಒಂದನ್ನು ಮೂಸಿ ನೋಡಿ ಹಿಂದಿಟ್ಟಳು. ಮಗಳು ಕಾಲು ಎಳೆದುಕೊಂಡು, "ಉರಿತೈತಾ ಅಜ್ಜೀ?" ಎಂದಳು. "ಅಂಜಬ್ಯಾಡ ಕೂಸ, ಇದು ತಂಪಿಂದು" ಎಂದು ಅತ್ತೆ ಬೆರಳ ತುದಿಯಲ್ಲಿ ಮುಲಾಮು ತೆಗೆದುಕೊಂಡಳು. ಆಗ ನಾನು ಕೇಳಿದೆ. ಅವಳ ಬೆರಳು ಮಗಳ ಮೊಣಕಾಲಿನ ಮೇಲೆ, ತಾಗದೆ, ಗಾಳಿಯಲ್ಲೇ ನಿಂತಿತು. ಆಮೇಲೆ ಗಾಯದ ಸುತ್ತ ಮೆಲ್ಲಗೆ ಸವರಿದಳು, ಬಾಯಿಂದ ಗಾಳಿ ಊದಿದಳು, ಡಬ್ಬಿಯ ಮುಚ್ಚಳ ತಿರುವಿದಳು, ಚಹಾಕ್ಕೆ ಇಡುತ್ತೇನೆಂದು ಒಳಗೆ ಹೋದಳು. ಚಹಾ ಕುಡಿದು ನಾವು ಹೊರಟು ಬಂದೆವು. ಅದಾದ ಮೇಲೆ ಎರಡು ಸಲ ಫೋನ್ ಮಾಡಿದ್ದಾಳೆ, ಕೂಸಿನ ಕಾಲು ಹೇಗಿದೆ ಎಂದು ವಿಚಾರಿಸಲು. ನಾನು ಕೇಳಿದ್ದು ಮಾತ್ರ ಆ ಮೊಣಕಾಲಿನ ಮೇಲೆ ಹಾಗೇ ನಿಂತಿದೆ: "ಅತ್ತೀ, ಬಾಗಲದಾಗ ನಿಂತಾಕಿ ನೀನು, ನಿನಗ ಅಜ್ಜನ ಬಾಯಿ ಕಾಣತಿತ್ತು. ಖರೇ ಹೇಳು, ಆತ ಅವತ್ತು ಏನಂದ?"