ಸರ್ವರ್ ಪೆಟ್ಟಿಗೆಯೊಳಗಿನ ನಿಂಬೆಹಣ್ಣು

ಈ ಸಲದ ಆಯುಧ ಪೂಜೆಗೆ ನಮ್ಮ ಜೋಗುಪಾಳ್ಯದ ಬೀದಿಯಲ್ಲಿ ಒಂದೇ ಒಂದು ಗಾಡಿ ಹೂವಿಲ್ಲದೆ ನಿಂತಿತ್ತು. ಸೆಲ್ವಿಯ ಸ್ಕೂಟರ್.

ಮಿಕ್ಕಿದ್ದೆಲ್ಲ ಭರ್ಜರಿ. ಆಟೋಗಳಿಗೆ ಬಾಳೆಕಂದು, ನೀರಿನ ಕ್ಯಾನ್ ಹೊರುವ ಟೆಂಪೋಗೆ ಸೇವಂತಿಗೆ ಹಾರ, ಎದುರುಮನೆಯವರ ಟ್ರೆಡ್‌ಮಿಲ್‌ಗೂ ವಿಭೂತಿ (ಅದರ ಮೇಲೆ ಬಟ್ಟೆ ಒಣಗುವುದನ್ನು ಬಿಟ್ಟು ಬೇರೇನೂ ನಡೆದದ್ದನ್ನು ನಾನಂತೂ ನೋಡಿಲ್ಲ). ಪ್ರತಿ ವರ್ಷ ನಾನೂ ಸೆಲ್ವಿಯೂ ಹಲಸೂರು ಮಾರ್ಕೆಟ್ಟಿಗೆ ಒಟ್ಟಿಗೇ ಹೋಗಿ ಹೂವು ತರುತ್ತಿದ್ದೆವು. ಈ ಸಲ ಅವಳು ಬರಲಿಲ್ಲ. ಅವಳ ಪಾಲಿನದನ್ನೂ ನಾನೇ ತಂದು, ಕೊಡಲೆಂದು ಮಹಡಿ ಹತ್ತಿದರೆ ಬಾಗಿಲಲ್ಲೇ ತಡೆದಳು.

"ಬೇಡ ಅಕ್ಕಾ. ನನ್ ಗಾಡಿಗೆ ಹಾಕ್ಬೇಡಿ. ಹೂವಿನ ಸಹವಾಸಾನೇ ಸಾಕಾಗಿದೆ."

ಇದೇನಿದು? ತಲೆಗೆ ಒಂದು ತುಂಡು ಮಲ್ಲಿಗೆ ಮುಡಿಯದೆ ಆಫೀಸಿಗೆ ಹೊರಡದ ಹುಡುಗಿ ಇವಳು!

ಸೆಲ್ವಿ ನಮ್ಮ ಮೇಲಿನ ಮನೆಯವಳು. ಅಮ್ಮ, ಇವಳು, ಇಬ್ಬರೇ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಆಫೀಸಿನಲ್ಲಿ ಇಂಗ್ಲಿಷ್. ಮಳೆಗಾಲದವರೆಗೂ ಕೆ.ಆರ್. ಪುರದ ಆಚೆಯ ಒಂದು ಕಂಪನಿಯಲ್ಲಿ ಕಸ್ಟಮ್ಸ್ ಕಂಪ್ಲಯನ್ಸ್ ನೋಡಿಕೊಳ್ಳುತ್ತಿದ್ದಳು. ಹೊರದೇಶದ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಸರ್ವರ್, ರೂಟರ್ ಕಳಿಸುವ ಕಂಪನಿ ಅದು. ಈಗ ಆ ಕೆಲಸ ಇಲ್ಲ. ಯಾಕೆ ಬಿಟ್ಟೆ ಎಂದು ಕೇಳಿದಾಗಲೆಲ್ಲ "ಸೆಟ್ ಆಗ್ಲಿಲ್ಲ ಅಕ್ಕಾ" ಅನ್ನುತ್ತಿದ್ದಳು. ಅವತ್ತು ನನ್ನ ಕೈಯಲ್ಲಿದ್ದ ಹೂವಿನ ಪೊಟ್ಟಣ ನೋಡಿಯೋ ಏನೋ, ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದಳು.

ಅವಳ ಕೆಲಸ ಏನೆಂದು ಮೊದಲು ತಿಳಿಯಬೇಕು. (ನಾನು ಕೊರಿಯರ್ ಆಫೀಸಿನ ಹಾಗೆ ಏನೋ ಅಂದುಕೊಂಡಿದ್ದೆ. ಅವಳು ನಕ್ಕಿದ್ದಳು. ಆಗ ನಗುತ್ತಿದ್ದಳು.) ಯಾವ ಯಂತ್ರಕ್ಕೆ ಯಾವ ಕೋಡ್ ನಂಬರ್ ಹಾಕಬೇಕು, ಅದರೊಳಗಿನ ಎನ್‌ಕ್ರಿಪ್ಷನ್, ಅಂದರೆ ಮಾಹಿತಿಯನ್ನು ಗುಟ್ಟಾಗಿಡುವ ತಂತ್ರ, ಆ ದೇಶಕ್ಕೆ ಹೋಗಬಹುದೋ ಇಲ್ಲವೋ, ಯಾರ ಪರವಾನಗಿ ಬೇಕು, ಇವೆಲ್ಲ ಇವಳ ತಲೆನೋವು. ಪ್ಯಾಕಿಂಗಿನ ಮರದ ಪೆಟ್ಟಿಗೆಗೂ ಕಾನೂನಿದೆಯಂತೆ. ಮರವನ್ನು ಕಾಯಿಸಿ, ಒಳಗಿನ ಹುಳುವೆಲ್ಲ ಸತ್ತಿದೆ ಎಂದು ಮುದ್ರೆ ಒತ್ತಿರಬೇಕು. "ನಮ್ ಹುಳ ಹೋಗಿ ಅವ್ರ ತೋಟ ತಿನ್ಬಾರ್ದಲ್ವಾ?" ಎಂದು ಒಮ್ಮೆ ವಿವರಿಸಿದ್ದಳು. ಎಲ್ಲ ಮುಗಿದ ಮೇಲೆ, ಒಳಗೆ ಯಂತ್ರ ಬಿಟ್ಟು ಹಣ್ಣು, ಹೂವು, ಕಾಳು ಯಾವುದೂ ಇಲ್ಲವೆಂಬ ಘೋಷಣೆ. ಅದಕ್ಕೊಂದು ಸಹಿ. ಆ ಸಹಿ ಸೆಲ್ವಿಯದು.

ಕಂಪನಿಗೆ ಒಂದು ದ್ವೀಪದೇಶದ ದೊಡ್ಡ ಬ್ಯಾಂಕಿನಿಂದ ಮೊದಲ ಆರ್ಡರ್ ಸಿಕ್ಕಿತು (ದೇಶದ ಹೆಸರು ಬರೆಯಬೇಡಿ ಎಂದಿದ್ದಾಳೆ). ಪೂಜೆಯಿಲ್ಲದೆ ಮೊದಲ ಲೋಡು ಹೊರಡುವುದುಂಟೇ? ಗೋಡೌನಿನ ಸೂಪರ್‌ವೈಸರ್ ಮುನಿರಾಜು ಹಿಂದಿನ ದಿನವೇ ಇವಳಿಗೆ ಹೇಳಿದರು. "ಮೇಡಂ, ಹೂವು ಹಣ್ಣು ನೀವೇ ತಂದ್ಬಿಡಿ. ನಿಮ್ ಹಲಸೂರಲ್ಲಿ ಚೆನ್ನಾಗ್ ಸಿಗುತ್ತೆ."

ಇವಳು ಖುಷಿಯಿಂದಲೇ ತಂದಳು. ಮನೆಯ ಬೆಳ್ಳಿತಟ್ಟೆ ಬೇರೆ.

ಬೆಳಿಗ್ಗೆ ಪೆಟ್ಟಿಗೆಗಳನ್ನೆಲ್ಲ ಪರೀಕ್ಷಿಸಿ ಕಾಗದಕ್ಕೆ ಸಹಿ ಹಾಕಿದಳು. ಏರ್‌ಪೋರ್ಟಿನ ಏಜೆಂಟ್ ಕಾಯುತ್ತಿದ್ದ. ಪೂಜೆ ಮಾತ್ರ ತಡವಾಯಿತು, ರಾಹುಕಾಲ ಮುಗಿಯಲಿ ಎಂದು. ಕಾಗದಕ್ಕೆ ರಾಹುಕಾಲವಿಲ್ಲ ನೋಡಿ, ಅದು ಪೂಜೆಗೆ ಮೊದಲೇ ಏಜೆಂಟನ ಕೈ ಸೇರಿತು.

ಆಮೇಲೆ ಬಾಸ್ ಬಂದರು. ಶೂ ಬಿಚ್ಚಿದರು, ಕಾಯಿ ಒಡೆದರು. ಸೆಲ್ವಿಯ ತಟ್ಟೆಯಿಂದ ಒಂದು ಮೊಳ ಮಲ್ಲಿಗೆ, ಒಂದು ನಿಂಬೆಹಣ್ಣು ಎತ್ತಿಕೊಂಡು, ಇನ್ನೂ ಮುಚ್ಚಳ ಹಾಕದ ಪೆಟ್ಟಿಗೆಯೊಳಗೆ ಸರ್ವರಿನ ಪಕ್ಕದಲ್ಲಿ ಇಟ್ಟರು. ಚಪ್ಪಾಳೆ. ಫೋಟೋ.

ಇವಳು ನೋಡಿದಳು. ನೋಡಿಯೂ ಸುಮ್ಮನಿದ್ದಳೇ?

"ತೆಗೀಬೇಕು ಅಂತ ಕೈ ಮುಂದೆ ಹೋಯ್ತು ಅಕ್ಕಾ. ಕರ್ಪೂರ ಇನ್ನೂ ಉರೀತಿದೆ. ದೇವ್ರಿಗೆ ಇಟ್ಟಿದ್ದನ್ನ ಆಗ್ಲೇ ಹೆಂಗೆ ಎತ್ತೋದು, ಹೇಳಿ? ಆರತಿ ಆಗ್ಲಿ, ಆಮೇಲೆ ತೆಗೆಯೋಣ ಅಂದ್ಕೊಂಡೆ. ಅಷ್ಟ್ರಲ್ಲಿ ಪ್ರಸಾದ ಹಂಚೋಕೆ ಕರೆದ್ರು."

ಕೋಸಂಬರಿ ಹಂಚಿ ವಾಪಸ್ ಬರುವಷ್ಟರಲ್ಲಿ ಮುಚ್ಚಳಕ್ಕೆ ಮೊಳೆ ಬಿದ್ದಿತ್ತು. ಪೆಟ್ಟಿಗೆ ಲಾರಿಯಲ್ಲಿತ್ತು. ಬಿಚ್ಚಿಸಿ ಎಂದು ಮುನಿರಾಜುವನ್ನು ಕೇಳಿದಳು. "ದೇವ್ರ ಹೂವು ಮೇಡಂ, ಏನೂ ಆಗಲ್ಲ ಬಿಡಿ. ಈಗ ಬಿಚ್ಚಿದ್ರೆ ಅಪಶಕುನ ಅಂತಾರೆ ಸಾಹೇಬ್ರು." ಲಾರಿ ಹೊರಟಿತು.

ಆ ದೇಶದಲ್ಲಿ ಪೆಟ್ಟಿಗೆ ಬಿಚ್ಚಿದಾಗ ಮಲ್ಲಿಗೆ ಕಪ್ಪಾಗಿತ್ತು. ನಿಂಬೆಹಣ್ಣಿನಲ್ಲಿ ಹುಳು ಇತ್ತು. ಇಡೀ ಲೋಡು ತಡೆಹಿಡಿದರು. ಸುಳ್ಳು ಘೋಷಣೆ ಎಂದು ನೋಟಿಸ್ ಬಂತು. ಬ್ಯಾಂಕಿನವರು ಕಾದು ಕಾದು ಆರ್ಡರ್ ರದ್ದು ಮಾಡಿದರು. ಕಂಪನಿಯಿಂದ ಏನೇ ಹೋದರೂ ಈಗ ಅಲ್ಲಿ ಪ್ರತಿಯೊಂದು ಪೆಟ್ಟಿಗೆಯನ್ನೂ ಬಿಚ್ಚುತ್ತಾರಂತೆ.

ಆಮೇಲೆ ಮೀಟಿಂಗ್. ದೊಡ್ಡವರೆಲ್ಲ ಮೇಜಿನ ಆ ಕಡೆ. "ಹೌ ಡಿಡ್ ದಿಸ್ ಹ್ಯಾಪನ್?" ಎಂದು ಕೇಳಿದ್ದು ಯಾರು ಗೊತ್ತೇ? ನಿಂಬೆಹಣ್ಣು ಇಟ್ಟ ಮಹಾನುಭಾವರೇ.

"ಸರ್, ಅದನ್ನ ನೀವೇ ಅಲ್ವಾ ಇಟ್ಟಿದ್ದು?" ಎಂದಳಂತೆ ಸೆಲ್ವಿ.

ಮುನಿರಾಜು ನೆಲ ನೋಡುತ್ತಿದ್ದರು. ಬಾಸ್ ಬೇಜಾರಿನ ದನಿಯಲ್ಲಿ ಹೇಳಿದರು. "ಸೆಲ್ವಿ, ಪರ್ಸನಲ್ ಮಾಡೋದು ಬೇಡ. ಡಿಕ್ಲರೇಷನ್ ಮೇಲೆ ಯಾರ ಸೈನ್ ಇದೆ?"

ಸಹಿ ಇವಳದ್ದು. ಹೂವು ಇವಳು ತಂದದ್ದು. ತಟ್ಟೆಯೂ ಇವಳದ್ದೇ. ಸಂಜೆಯೊಳಗೆ ಐಡಿ ಕಾರ್ಡ್ ವಾಪಸ್ ಕೇಳಿದರು.

ಪೂಜೆಯ ಮೇಲೆ ನನಗೆ ಸಿಟ್ಟಿಲ್ಲ. ಈ ಅಂಕಣ ಬರೆಯುವ ಲ್ಯಾಪ್‌ಟಾಪಿನ ಕೀಲಿಗಳ ಸಂದಿಯಲ್ಲೂ ಕಳೆದ ವರ್ಷದ ಕುಂಕುಮ ಇದೆ. ನಿಯಮದ ಮೇಲೂ ಸಿಟ್ಟಿಲ್ಲ. ಯಾರದೋ ತೋಟ, ಯಾರದೋ ಬೆಳೆ, ಅವರು ಕಾಯ್ದುಕೊಳ್ಳಲಿ. ನನಗೆ ಮೈ ಉರಿಯುವುದು ಆ ಮೇಜಿನ ಆಚೆಗಿದ್ದವರನ್ನು ನೆನೆದಾಗ. ಆರತಿ ತಗೊಳ್ಳಲು ಅಷ್ಟು ಕೈ ಮುಂದೆ ಬಂದಿದ್ದವು. ಮೀಟಿಂಗಿನಲ್ಲಿ ಎಲ್ಲವೂ ಜೇಬಿನಲ್ಲಿ! ನಮ್ಮ ಕಂಪನಿಗಳಲ್ಲಿ ಸೆಲ್ವಿಯಂಥವರನ್ನು ಸಹಿ ಹಾಕಲಿಕ್ಕೆ ಇಟ್ಟುಕೊಳ್ಳುತ್ತಾರೆ, ಬೇಡ ಅನ್ನಲಿಕ್ಕಲ್ಲ. ಬಾಸ್ ಇಟ್ಟ ಹೂವನ್ನು ಆ ಕ್ಷಣದಲ್ಲೇ ಎತ್ತಿ ಈಚೆಗಿಟ್ಟಿದ್ದರೆ ಇವಳನ್ನು ಏನೆನ್ನುತ್ತಿದ್ದರು? ಸಂಸ್ಕಾರವಿಲ್ಲದವಳು ಅಂತ ತಾನೆ?

ಹೊಸ ಕೆಲಸಕ್ಕೆ ಅಲೆಯುತ್ತಿದ್ದಾಳೆ. ಇಂದಿರಾನಗರದಲ್ಲೊಂದು ಇಂಟರ್‌ವ್ಯೂ ಚೆನ್ನಾಗೇ ಆಗಿತ್ತಂತೆ, ಹಳೆಯ ಕಂಪನಿಗೆ ಅವರು ಫೋನ್ ಮಾಡುವವರೆಗೆ. ಸುಳ್ಳು ಘೋಷಣೆ ಎಂಬ ಮಾತು ಅಂಟಿದವಳನ್ನು ಕಂಪ್ಲಯನ್ಸ್ ಕೆಲಸಕ್ಕೆ ಯಾರು ತಗೊಳ್ಳುತ್ತಾರೆ?

"ವಿಡು ಮಾ, ಪೋನದು ಪೋಚು," ಎಂದು ಅವಳಮ್ಮ ಒಳಗಿನಿಂದಲೇ ಅಂದರು. ಹೋದದ್ದು ಹೋಯಿತು, ಬಿಡು ಎಂದು. ಅವರ ದನಿಯಲ್ಲೂ ಬಲವಿರಲಿಲ್ಲ.

ಅಷ್ಟರಲ್ಲಿ ಸೆಲ್ವಿಯ ಫೋನ್ ಸದ್ದು ಮಾಡಿತು. ಆಫೀಸಿನಿಂದ ಅವಳನ್ನು ಕಳಿಸಲು ಒಂದು ದಿನ ಸಾಕಾಗಿತ್ತು. ಆಫೀಸಿನವರ ಬರ್ತ್‌ಡೇ ಗ್ರೂಪಿನಿಂದ ತೆಗೆಯಲು ಇನ್ನೂ ಯಾರಿಗೂ ನೆನಪಾಗಿಲ್ಲ. ಆಯುಧ ಪೂಜೆಯ ಫೋಟೋ ಹಾಕಿದ್ದರು. ಅದೇ ಗೋಡೌನ್, ಅದೇ ಬಾಸ್, ಹೊಸ ಪೆಟ್ಟಿಗೆಗಳು. ಸೆಲ್ವಿ ನಿಲ್ಲುತ್ತಿದ್ದ ಜಾಗದಲ್ಲಿ ತಟ್ಟೆ ಹಿಡಿದು ನಗುತ್ತಾ ನಿಂತಿದ್ದ ಇನ್ನೊಬ್ಬ ಹುಡುಗಿ. ತಟ್ಟೆ ತುಂಬ ಮಲ್ಲಿಗೆ.

ಸೆಲ್ವಿ ಆ ಮುಖವನ್ನು ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದಳು. ಆಮೇಲೆ ನನ್ನನ್ನು ಕೇಳಿದಳು:

"ಅಕ್ಕಾ, ಈ ಹುಡ್ಗಿ ಸೈನ್ ಹಾಕಿರೋದು ಪೂಜೆಗೆ ಮುಂಚೆನಾ, ಆಮೇಲಾ?"